ಸೀಮೆಹಸುವಿಗೆ ರಾತ್ರಿಯೂ ಬೇಸಿಗೆ

ತಲಕಾಡು ಅಂದ ತಕ್ಷಣ ಬೆಂಗಳೂರಿನ ಸ್ನೇಹಿತರಿಗೆ ನೆನಪಾಗೋದು ಎರಡೇ. ಒಂದು ಮರಳು, ಇನ್ನೊಂದು ಅಲಮೇಲಮ್ಮನ ಶಾಪ. ವೀಕೆಂಡ್‌ಗೆ ಬರ್ತಾರೆ, ಮರಳಲ್ಲಿ ಹೂತಿದ್ದ ದೇವಸ್ಥಾನ ನೋಡ್ತಾರೆ, ಹೊಳೆಯಲ್ಲಿ ಕಾಲು ಇಳಿಬಿಟ್ಕೊಂಡು ಕೂತು, ಸಂಜೆಗೆ ವಾಪಸ್ ಹೊರಡ್ತಾರೆ. ಅವರು ಬಂದು ಹೋಗೋ ದಾರಿಯ ಎರಡೂ ಬದಿಗೆ, ಮನೆಗಳಿಗೆ ಅಂಟಿಕೊಂಡ ಹಾಗೆ, ಸಿಮೆಂಟ್ ಶೀಟು ಹೊದಿಸಿದ ಗಿಡ್ಡ ಕೊಟ್ಟಿಗೆಗಳಿವೆ. ಒಳಗೆ ಒಂದೋ ಎರಡೋ ಕಪ್ಪು-ಬಿಳಿ ಹಸು. ಅವುಗಳ ಫೋಟೊ ಯಾರೂ ತೆಗೆಯಲ್ಲ. ನಾನು ಬರೆಯೋಕೆ ಹೊರಟಿರೋದು ಅವುಗಳ ಬಗ್ಗೆ.

ನಮ್ಮ ಕಡೆ ಇವಕ್ಕೆ ಸೀಮೆಹಸು ಅನ್ನೋದು. ಮೂಲದಲ್ಲಿ ಹಾಲೆಂಡ್ ಕಡೆಯ ಹೋಲ್‌ಸ್ಟೀನ್ ಫ್ರೀಸಿಯನ್ ತಳಿ, ಡಾಕ್ಟ್ರ ಬಾಯಲ್ಲಿ ಎಚ್‌ಎಫ್. ಅದನ್ನ ತಲೆಮಾರುಗಳಿಂದ ಇಲ್ಲಿನ ಹಸುಗಳ ಜೊತೆ ಬೆರೆಸಿ ಈಗ ಕೊಟ್ಟಿಗೆಯಲ್ಲಿರೋದು ಮಿಶ್ರತಳಿ. ತಾತನ ಕಾಲದಲ್ಲಿ ನಮ್ಮ ಮನೇಲಿ ಇದ್ದದ್ದು ಹಳ್ಳಿಕಾರ್ ಜೋಡಿ. ಮುಡುಕುತೊರೆ ಜಾತ್ರೆಗೆ ಇವತ್ತಿಗೂ ಹಳ್ಳಿಕಾರ್ ಎತ್ತುಗಳು ಗೆಜ್ಜೆ ಕಟ್ಟಿಸಿಕೊಂಡು ಬರ್ತವೆ, ನೋಡೋಕೆ ಎರಡು ಕಣ್ಣು ಸಾಲದು. ಆದರೆ ಹಳ್ಳಿಕಾರ್ ಹಸು ದಿನಕ್ಕೆ ಕೊಡೋದು ಒಂದೆರಡು ಲೀಟರ್, ಅದೂ ಕರು ಬಿಟ್ಟು ಮಿಕ್ಕಿದ್ದು. ಉಳುಮೆ ಟ್ರ್ಯಾಕ್ಟರ್ ಪಾಲಾದ ಮೇಲೆ ಮನೆ ನಡೆಸೋದು ಸೀಮೆಹಸುವೇ. ಭತ್ತದ ದುಡ್ಡು ಬೆಳೆ ಬಂದಾಗ ಬರುತ್ತೆ, ಬಂದ ದಾರೀಲೇ ಸಾಲಕ್ಕೆ ಹೋಗುತ್ತೆ. ಹಾಲಿನ ಬಟವಾಡೆ ಹಾಗಲ್ಲ. ಗ್ಯಾಸು, ಸ್ಕೂಲ್ ಫೀಸು, ಸಂಘದ ಕಂತು ಎಲ್ಲ ಅದರಲ್ಲೇ. ನನ್ನ ಎಂಜಿನಿಯರಿಂಗ್ ಹಾಸ್ಟೆಲ್ ಮೆಸ್ ಬಿಲ್ ಕೂಡ ಅದರಲ್ಲೇ ಹೋಗಿದ್ದು.

ಹಾಗಾಗಿ ಬೇಸಿಗೆ ಬಂದು ಹಾಲು ಇಳೀತು ಅಂದ್ರೆ ಮನೇಲಿ ಮಾತು ಕಡಿಮೆಯಾಗುತ್ತೆ. ಈ ಸಲ ಹಾಲಿಗಿಂತ ದೊಡ್ಡ ಚಿಂತೆ ಇತ್ತು. ನಮ್ಮ ಗೌರಿಗೆ ಎರಡು ಸಲ ಇಂಜೆಕ್ಷನ್ ಮಾಡಿಸಿದ್ರೂ (ಕೃತಕ ಗರ್ಭಧಾರಣೆಗೆ ಊರಲ್ಲಿ ಹೀಗೇ ಅನ್ನೋದು) ಗಬ್ಬ ನಿಲ್ಲಲಿಲ್ಲ. ಗಬ್ಬ ನಿಲ್ಲದ ಹಸು ಕರು ಹಾಕಲ್ಲ, ಕರು ಹಾಕದ ಹಸು ಹಾಲು ಕೊಡಲ್ಲ, ಮೇವು ಮಾತ್ರ ಅಷ್ಟೇ ತಿನ್ನುತ್ತೆ. ಅಪ್ಪ ಸಂತೆಗೆ ಹೊಡೆಯೋ ಮಾತು ಎತ್ತಿದ್ರು. ಅವ್ವ ಉತ್ತರ ಕೊಡಲಿಲ್ಲ, ಆದರೆ ಅವತ್ತು ರಾತ್ರಿ ನನಗೆ ಫೋನ್ ಬಂತು.

ನಾನು ಪಶುವೈದ್ಯ ಅಲ್ಲ. ಕೋಡ್ ಬರೆಯೋನು. ನನಗೆ ಗೊತ್ತಿರೋದು ಲೆಕ್ಕ ಇಡೋದು. ಅವ್ವನ ಡೈರಿ ಪುಸ್ತಕದ ಪುಟಗಳನ್ನ ಫೋಟೊ ತೆಗೆಸಿ ತರಿಸ್ಕೊಂಡು, ಹೊತ್ತು ಹೊತ್ತಿನ ಹಾಲು, ಫ್ಯಾಟು, ಎಸ್‌ಎನ್‌ಎಫ್ ಎಲ್ಲಾ ಒಂದು ಶೀಟ್‌ಗೆ ಹಾಕಿದೆ. ಪಕ್ಕದಲ್ಲಿ ಆಯಾ ದಿನದ ತಾಪಮಾನ. ಅದನ್ನ ಇಟ್ಕೊಂಡು ನಮ್ಮ ಪಶು ಆಸ್ಪತ್ರೆ ಡಾಕ್ಟ್ರ ಹತ್ರ ಹೋದಾಗ ಅವರು ನಕ್ಕು, "ತಾಪ ಒಂದೇ ನೋಡಿದ್ರೆ ಸಾಲದು ಎಂಜಿನಿಯರ್ ಸಾಹೇಬ್ರೇ, ಗಾಳೀಲಿ ಎಷ್ಟು ತೇವ ಇದೆ ಅದನ್ನೂ ಹಾಕಿ" ಅಂದ್ರು. ಆಮೇಲೆ ಗೊತ್ತಾಯ್ತು, ಇದಕ್ಕೆ ಅಂತಲೇ ತಾಪ-ಆರ್ದ್ರತೆ ಸೂಚ್ಯಂಕ ಅಂತ ಒಂದಿದೆ, ಟಿಎಚ್‌ಐ. ತಾಪಮಾನ, ಆರ್ದ್ರತೆ ಎರಡನ್ನೂ ಒಂದು ಸೂತ್ರಕ್ಕೆ ಹಾಕಿದ್ರೆ ಒಂದು ಅಂಕಿ ಬರುತ್ತೆ. ಹಾಲು ಕರೆಯೋ ಹಸುವಿಗೆ ಅದು 72 ದಾಟಿತು ಅಂದ್ರೆ ಸೆಕೆ ಶುರುವಾಯ್ತು ಅಂತ ಅರ್ಥ.

72 ಅಂದ್ರೆ ಎಷ್ಟು ಅಂತೀರ? 25 ಡಿಗ್ರಿ ಸೆಲ್ಸಿಯಸ್, ಜೊತೆಗೆ ಶೇ 50ರಷ್ಟು ಆರ್ದ್ರತೆ. ಅಷ್ಟೇ. ನಮ್ಮ ಆಫೀಸಿನಲ್ಲಿ ಎ.ಸಿ. 24ಕ್ಕೆ ಇಟ್ಟು ಜಾಕೆಟ್ ಹಾಕ್ಕೊಂಡು ಕೂರ್ತೀವಲ್ಲ, ಅಲ್ಲಿಂದ ಒಂದು ಡಿಗ್ರಿ ಮೇಲೆ ಹಸುವಿನ ಬೇಸಿಗೆ ಶುರು. ಈ 72ರ ಗೆರೆ ವಿದೇಶದ ಭಾರಿ ಹಾಲಿನ ಹಸುಗಳನ್ನ ನೋಡಿ ಎಳೆದದ್ದು, ನಮ್ಮ ಮಿಶ್ರತಳಿ ಇನ್ನೂ ಸ್ವಲ್ಪ ತಡ್ಕೊಳ್ಳುತ್ತೆ, ನಾಟಿ ಹಸು ಅದಕ್ಕಿಂತ ಜಾಸ್ತಿ. ಆದ್ರೂ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ, ಶೇ 40 ಆರ್ದ್ರತೆ ಅಂತ ಲೆಕ್ಕ ಹಾಕಿದ್ರೆ ಬರೋದು 84.

ಇಲ್ಲಿ ನಮ್ಮೂರಿನ ಒಂದು ತಮಾಷೆ ಇದೆ. ಹೊರಗಿನವರಿಗೆ ತಲಕಾಡು ಸುತ್ತಮುತ್ತ ಹಚ್ಚಹಸಿರು. ಪಕ್ಕದಲ್ಲಿ ಕಾವೇರಿ, ಮಾಧವಮಂತ್ರಿ ಅಣೆಕಟ್ಟಿನ ನಾಲೆ, ನಾಲೆ ಕೆಳಗೆ ಗದ್ದೆ. ಆದರೆ ಕೃಷಿ ಹವಾಮಾನದ ಪಟ್ಟಿಯಲ್ಲಿ ನಮ್ಮ ತಾಲ್ಲೂಕು ಇರೋದು ದಕ್ಷಿಣ ಒಣ ವಲಯದಲ್ಲಿ. ಮಳೆ ಕಡಿಮೆ, ಬಿಸಿಲು ಜೋರು. ಒಣ ಸೀಮೆಯ ಬಿಸಿಲು ಮೇಲಿಂದ, ನೀರು ನಿಂತ ಗದ್ದೆಯ ಆವಿ ಕೆಳಗಿಂದ. 32 ಡಿಗ್ರಿಯಲ್ಲಿ ಆರ್ದ್ರತೆ ಶೇ 30 ಇದ್ರೆ ಟಿಎಚ್‌ಐ 77. ಅದೇ 32 ಡಿಗ್ರಿಗೆ ಶೇ 60 ಇದ್ರೆ 82 ದಾಟುತ್ತೆ. ಅಂದ್ರೆ ನಾಲೆ ಪಕ್ಕದ ಕೊಟ್ಟಿಗೆಗೆ, ಒಂದೇ ತಾಪಮಾನದಲ್ಲೂ, ಬೆಟ್ಟದ ಕಡೆಯ ಹೊಲದ ಕೊಟ್ಟಿಗೆಗಿಂತ ಸೆಕೆ ಜಾಸ್ತಿ. ನಾಲೆ ಪಕ್ಕ ತಂಪು ಅನ್ನೋದು ನಮಗೆ, ಬೆವರೋ ಪ್ರಾಣಿಗಳಿಗೆ. ಹಸು ನಮ್ಮಷ್ಟು ಬೆವರಲ್ಲ.

ಹಸುವಿನ ಕಷ್ಟ ಹೊರಗಿನ ಬಿಸಿಲು ಮಾತ್ರ ಅಲ್ಲ, ಒಳಗೂ ಒಂದು ಒಲೆ ಉರೀತಿರುತ್ತೆ. ತಿಂದ ಹುಲ್ಲು ಮೊದಲನೇ ಹೊಟ್ಟೇಲಿ ಹುಳಿಯೋವಾಗ ಶಾಖ ಹುಟ್ಟುತ್ತೆ. ಹಾಲು ಜಾಸ್ತಿ ಕೊಡೋ ಹಸು ಜಾಸ್ತಿ ತಿನ್ನಬೇಕು, ಜಾಸ್ತಿ ತಿಂದ್ರೆ ಒಲೆ ಜಾಸ್ತಿ. ಹೊರಗೆ ಸೆಕೆ ಏರಿದಾಗ ಹಸು ಮಾಡೋ ಮೊದಲ ಕೆಲಸ ತಿನ್ನೋದು ಕಡಿಮೆ ಮಾಡೋದು. "ಮೇವು ಮುಟ್ಟಲ್ಲ ಅಂತದೆ" ಅಂತ ಅವ್ವ ಹೇಳೋದು ಇದನ್ನೇ. ಹಾಲು ಇಳಿಯೋದರಲ್ಲಿ ಹೆಚ್ಚೂಕಡಿಮೆ ಅರ್ಧ ಪಾಲು ತಿನ್ನದೇ ಇರೋದ್ರಿಂದ, ಮಿಕ್ಕಿದ್ದು ಮೈ ತನ್ನನ್ನ ತಾನು ಆರಿಸ್ಕೊಳ್ಳೋಕೆ ಶಕ್ತಿ ಖರ್ಚು ಮಾಡೋದ್ರಿಂದ.

ಆಮೇಲೆ ಏದುಸಿರು. ನಾಲಿಗೆ ಹೊರಗೆ ಹಾಕಿ, ಜೊಲ್ಲು ಸುರಿಸ್ಕೊಂಡು ಹಸು ಏದುತ್ತಲ್ಲ, ಆ ಜೊಲ್ಲು ಸುಮ್ನೆ ಜೊಲ್ಲಲ್ಲ. ಹೊಟ್ಟೆಯ ಹುಳಿಯನ್ನ ಹದದಲ್ಲಿಡೋ ಸೋಡಾ ಅಂಶ ಅದರಲ್ಲಿರುತ್ತೆ. ಹೊಟ್ಟೆಗೆ ಹೋಗಬೇಕಾದ್ದು ನೆಲಕ್ಕೆ ಹೋಯ್ತು ಅಂದ್ರೆ ಹುಳಿ ಏರುತ್ತೆ, ಸಗಣಿ ತೆಳ್ಳಗಾಗುತ್ತೆ, ಫ್ಯಾಟು ಇಳಿಯುತ್ತೆ, ಡೈರಿಯಲ್ಲಿ ಲೀಟರಿನ ರೇಟು ಬೀಳುತ್ತೆ. ಬೇಸಿಗೆಯಲ್ಲಿ ಡಾಕ್ಟ್ರು ಬೂಸದ ಜೊತೆ ಅಡುಗೆ ಸೋಡಾ ಕೊಡಿ ಅನ್ನೋದು ಇದಕ್ಕೇ. (ಎಷ್ಟು ಅನ್ನೋದನ್ನ ಅವರನ್ನೇ ಕೇಳಿ, ನನ್ನನ್ನಲ್ಲ.)

ನನ್ನ ಶೀಟ್‌ನಲ್ಲಿ ಮೊದಲು ಏನೂ ಹೊಂದಿಕೆ ಕಾಣಲಿಲ್ಲ. ಬಿಸಿಲು ಜೋರಿದ್ದ ದಿನವೇ ಹಾಲು ಚೆನ್ನಾಗಿತ್ತು, ಮೋಡ ಮುಚ್ಚಿದ ದಿನ ಇಳಿದಿತ್ತು. ತಾಪಮಾನದ ಕಾಲಂ ಅನ್ನ ಎರಡು ಸಾಲು ಕೆಳಗೆ ಸರಿಸಿದೆ ನೋಡಿ, ಗೆರೆಗಳು ಕೂತವು. ಇದು ನನ್ನ ಶೋಧ ಅಲ್ಲ, ಪಶುವಿಜ್ಞಾನದವರಿಗೆ ಮೊದಲಿಂದ ಗೊತ್ತಿರೋದೇ. ಇವತ್ತಿನ ಸೆಕೆ ಹಾಲಿನಲ್ಲಿ ಕಾಣೋದು ನಾಡಿದ್ದು. ಮಧ್ಯಾಹ್ನ ಹಸು ಏದಿದ್ದನ್ನ ನೋಡಿದವರು, ಸಂಜೆ ಹಾಲು ಸರಿಯಾಗೇ ಬಂತಲ್ಲ ಅಂತ ಸುಮ್ಮನಾಗ್ತಾರೆ. ಎರಡು ದಿನ ಬಿಟ್ಟು ಇಳಿದಾಗ ಕಣ್ಣುದೃಷ್ಟಿ ಅಂತ ಮೆಣಸಿನಕಾಯಿ ಸುಡ್ತಾರೆ.

ಇಷ್ಟರಲ್ಲಿ ಒಂದು ಪ್ರಶ್ನೆ ಉಳೀತು. ನಮ್ಮ ಕಡೆ ಬೇಸಿಗೆಯಲ್ಲೂ ಬೆಳಗಿನ ಜಾವ 22 ಡಿಗ್ರಿಗೆ ಇಳಿಯುತ್ತೆ. ಹಗಲು ಸೆಕೆಗೆ ಸಿಕ್ಕ ಹಸು ರಾತ್ರಿ ತಂಪಾದ್ರೆ ಮೈ ಬಿಸಿ ಇಳಿಸ್ಕೊಂಡು ಚೇತರಿಸ್ಕೊಳ್ಳುತ್ತೆ, ಮಾರನೇ ದಿನದ ಬಿಸಿಲು ತಡ್ಕೊಳ್ಳುತ್ತೆ ಅಂತ ಎಲ್ಲ ಕಡೆ ಹೇಳ್ತಾರೆ. ಹಾಗಿದ್ರೆ ನಮ್ಮ ಗೌರಿ ಯಾಕೆ ಚೇತರಿಸ್ಕೊಳ್ತಿಲ್ಲ? ಗೋಡೆ ಮೇಲೆ ನೇತು ಹಾಕೋ ಸಣ್ಣ ತಾಪ-ತೇವದ ಮೀಟರ್ ಎರಡು ತಗೊಂಡು ಹೋಗಿ, ಒಂದನ್ನ ಕೊಟ್ಟಿಗೆ ಒಳಗೆ, ಇನ್ನೊಂದನ್ನ ಹೊರಗೆ ಹೊಂಗೆ ಮರಕ್ಕೆ ಕಟ್ಟಿದೆ. ರಾತ್ರಿ ಹತ್ತಕ್ಕೆ ಹೊರಗೆ 26 ಡಿಗ್ರಿ, ಒಳಗೆ 30. ಬೆಳಗಿನ ಜಾವ ನಾಲ್ಕಕ್ಕೆ ಹೊರಗೆ 22, ಒಳಗೆ 26. ಟಿಎಚ್‌ಐ ಲೆಕ್ಕದಲ್ಲಿ ಹೊರಗೆ 70, ಒಳಗೆ 77. ಇಡೀ ರಾತ್ರಿ ಒಂದು ನಿಮಿಷವೂ ಕೊಟ್ಟಿಗೆ ಒಳಗೆ 72ಕ್ಕೆ ಇಳಿದಿರಲಿಲ್ಲ. ಹಗಲೆಲ್ಲ ಕಾದ ಶೀಟು, ಎರಡು ಹಸುಗಳ ಮೈಶಾಖ, ಉಸಿರಿನ ಆವಿ, ಗಂಜಳದ ಘಾಟು, ಎಲ್ಲಾ ಒಳಗೇ. ಯಾಕಂದ್ರೆ ಬಾಗಿಲು, ಕಿಟಕಿ ಎಲ್ಲ ಭದ್ರ.

ಅದಕ್ಕೆ ಕಾರಣ ಇದೆ. ನಮ್ಮ ತಿ. ನರಸೀಪುರ ತಾಲ್ಲೂಕಿನವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳ್ತೀನಿ. 2022ರ ಕೊನೆಯಿಂದ 2023ರ ಜನವರಿ ಒಳಗೆ, ಮೂರೇ ತಿಂಗಳ ಅವಧಿಯಲ್ಲಿ, ಈ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು. ಅದರಲ್ಲಿ ಓದೋ ಮಕ್ಕಳೂ ಇದ್ರು. ಸಂಜೆ ಆರಕ್ಕೆ ಊರು ಮುಚ್ಚಿಕೊಳ್ತಿತ್ತು. ಅರಣ್ಯ ಇಲಾಖೆ ಬೋನು ಇಟ್ಟಿತು, ಚಿರತೆಗಳು ಸಿಕ್ಕವು, ಆದರೆ ಭಯ ಬೋನಿಗೆ ಬೀಳಲಿಲ್ಲ. ಅಲ್ಲಿವರೆಗೆ ಅಂಗಳದಲ್ಲಿ, ಹುಣಸೆ ಮರದಡಿ, ಮೆದೆ ಪಕ್ಕದಲ್ಲಿ ರಾತ್ರಿ ಕಟ್ಟಿರ್ತಿದ್ದ ದನಗಳೆಲ್ಲ ಒಳಗೆ ಬಂದವು. ಕಿಟಕಿಗೆ ಇಟ್ಟಿಗೆ ಜೋಡಿಸಿದ್ರು, ಬಾಗಿಲಿಗೆ ತಗಡು ಹೊಡೆದ್ರು. ಜನರ ಜೀವದ ಪ್ರಶ್ನೆ, ಅದನ್ನ ತಪ್ಪು ಅನ್ನೋ ಧೈರ್ಯ ನನಗಿಲ್ಲ.

"ಕಿಟಕಿ ತಗೆಸವ್ವ" ಅಂದಿದ್ದಕ್ಕೆ ಅವ್ವ ಹೇಳಿದ್ದು ಇಷ್ಟೇ: "ಚಿರತೆ ಬಂದು ಕರ ಹೊತ್ಕೊಂಡ್ ಹೋದ್ರೆ ನಿನ್ ಕಂಪ್ಯೂಟ್ರು ತಂದ್ಕೊಡ್ತದಾ?"

ಮುಚ್ಚಿದ ಬಾಗಿಲಿನ ಇನ್ನೊಂದು ಪರಿಣಾಮ ಡಾಕ್ಟ್ರು ಹೇಳೋವರೆಗೂ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹಸು ಬೆದೆಗೆ ಬರೋದು 21 ದಿನಕ್ಕೊಂದು ಸಲ. ಸೆಕೆಗೆ ಸಿಕ್ಕ ಹಸುವಿನ ಬೆದೆ ಚುಟುಕಾಗಿ, ಮಂಕಾಗಿ ಮುಗಿದುಹೋಗುತ್ತೆ. ಕೂಗಲ್ಲ, ಹಾರಲ್ಲ. ಏನಾದ್ರೂ ಲಕ್ಷಣ ತೋರಿಸಿದ್ರೆ ಅದೂ ತಂಪು ಹೊತ್ತಿನಲ್ಲಿ, ಅಂದ್ರೆ ರಾತ್ರಿ. ಮೊದಲಾದ್ರೆ ಅವ್ವ ರಾತ್ರಿ ಎದ್ದು ಒಂದು ಸಲ ಮೇವು ಹಾಕ್ತಿದ್ರು, ಕಣ್ಣಿಗೆ ಬೀಳ್ತಿತ್ತು. ಚಿರತೆ ಭಯ ಬಂದ ಮೇಲೆ ಎಂಟಕ್ಕೆ ಬಾಗಿಲು ಹಾಕಿದ್ರೆ ಬೆಳಗ್ಗೆ ಐದಕ್ಕೇ. ಬೆದೆ ಬಂದು ಹೋಗಿದ್ದು ಗೊತ್ತಾಗೋದು ಮಾರನೇ ದಿನ ಬಾಲದಲ್ಲಿ ಒಣಗಿದ ಲೋಳೆ ನೋಡಿದಾಗ. ಆಮೇಲೆ ಅಂದಾಜಿನ ಮೇಲೆ ಇಂಜೆಕ್ಷನ್. ಬೆಳಗ್ಗೆ ಬೆದೆ ಕಂಡ್ರೆ ಸಂಜೆಗೆ, ಸಂಜೆ ಕಂಡ್ರೆ ಮಾರನೇ ಬೆಳಗ್ಗೆ ಅನ್ನೋದು ಹಳೇ ನಿಯಮ. ಶುರುವಾಗಿದ್ದು ಯಾವಾಗ ಅಂತಲೇ ಗೊತ್ತಿಲ್ಲದಿದ್ರೆ ನಿಯಮ ಇಟ್ಕೊಂಡು ಏನು ಮಾಡೋದು? ಸರಿಯಾದ ಹೊತ್ತಿಗೇ ಮಾಡಿಸಿದ್ರೂ, ಆಮೇಲಿನ ಮೊದಲ ಕೆಲವು ದಿನ ಭ್ರೂಣ ಸೆಕೆಗೆ ತುಂಬಾ ಸೂಕ್ಷ್ಮ. ಹಸುವಿನ ಮೈ ಬಿಸಿ ಏರಿದ್ರೆ ಅಲ್ಲೇ ಕರಗುತ್ತೆ. ಒಂದೊಂದು ಸಲ ತಪ್ಪಿದಾಗಲೂ 21 ದಿನದ ಮೇವು, ಹಿಂಡಿ, ಅವ್ವನ ದುಡಿಮೆ ಎಲ್ಲ ನಷ್ಟದ ಕಾಲಂಗೆ.

ಕೊನೆಗೆ ಒಪ್ಪಿಗೆಯಾಗಿದ್ದು ಜಾಲರಿಗೆ. ದಪ್ಪ ಕಂಬಿಯ ವೆಲ್ಡ್ ಮೆಶ್, ಕಬ್ಬಿಣದ ಫ್ರೇಮು. ಎದುರುಬದುರು ಎರಡು ಗೋಡೆಗೆ ಸೊಂಟದ ಎತ್ತರದಿಂದ ಸೂರಿನವರೆಗೆ ಒಡೆದು ಕೂರಿಸಿದ್ವಿ, ಬಾಗಿಲಿನ ಮೇಲರ್ಧಕ್ಕೂ ಅದೇ. ಚಿರತೆ ನುಗ್ಗೋಕೆ ಆಗಲ್ಲ, ಗಾಳಿ ನುಗ್ಗುತ್ತೆ. ವೆಲ್ಡಿಂಗ್ ಅಂಗಡಿಯವನು ಮೊದಲು ಒಂದೇ ಗೋಡೆಗೆ ಸಾಕು ಅಂದ. ಒಂದೇ ಕಡೆ ತೂತು ಇದ್ರೆ ಗಾಳಿ ಬರೋದು ಎಲ್ಲಿಂದ, ಹೋಗೋದು ಎಲ್ಲಿಗೆ? ಅಪ್ಪ ಶೀಟಿನ ಮೇಲೆ ದಪ್ಪಗೆ ಸುಣ್ಣ ಬಳಿದು, ಅದರ ಮೇಲೆ ತೆಂಗಿನ ಸೋಗೆ ಹೊದಿಸಿದ್ರು. ಹೊಸದಾಗಿ ಕಟ್ಟಿಸೋರಿಗೆ ಒಂದು ಮಾತು: ಸೂರು ಹತ್ತಡಿಯಾದ್ರೂ ಎತ್ತರ ಇರಲಿ. ನಮ್ಮದು ಏಳಡಿ, ಈಗ ಎತ್ತರಿಸೋಕೆ ಆಗಲ್ಲ. ಮಾರನೇ ವಾರ ಬೆಳಗಿನ ಜಾವದ ಮೀಟರ್‌ನಲ್ಲಿ ಒಳಗೂ ಹೊರಗೂ ಒಂದೇ ಡಿಗ್ರಿ ವ್ಯತ್ಯಾಸ.

ನೀರಿನ ವಿಷಯ ಇದಕ್ಕಿಂತ ಜಗಳದ್ದು. ಹಾಲಲ್ಲಿ ಶೇ 87 ನೀರು. ಕರೆಯೋ ಹಸು ಬೇಸಿಗೇಲಿ ದಿನಕ್ಕೆ 60ರಿಂದ 100 ಲೀಟರ್‌ವರೆಗೂ ಕುಡಿಯುತ್ತೆ, ಸಿಕ್ಕಿದ್ರೆ. ನಮ್ಮ ಕಡೆ ಸಿಗೋದು ಹೇಗೆ? ಬೆಳಗ್ಗೆ, ಸಂಜೆ ಕಲಗಚ್ಚು, ಮಧ್ಯಾಹ್ನ ಒಂದು ಬಕೆಟ್. ಮೇಯೋಕೆ ಬಿಟ್ಟ ಹಳ್ಳಿಕಾರ್ ಹಸು ಬಾಯಾರಿದಾಗ ಹೊಳೆಗೋ ಕಟ್ಟೆಗೋ ತಾನೇ ಇಳಿಯುತ್ತಿತ್ತು. ಗೊಂತಿಗೆ ಕಟ್ಟಿದ ಸೀಮೆಹಸು, ನಾವು ತಂದಿಟ್ಟಾಗ ಬಾಯಾರಿಕೆ ಮಾಡ್ಕೋಬೇಕು.

"ನೀರು ಜಾಸ್ತಿ ಕೊಟ್ರೆ ಹಾಲು ತೆಳ್ಳಗಾಯ್ತದೆ ಕಣ್ಲಾ" ಅಂತ ಅವ್ವ. ಹಾಗಾಗಲ್ಲ, ಕೆಚ್ಚಲು ಹಾಲನ್ನ ಅದರ ಹದದಲ್ಲೇ ಮಾಡುತ್ತೆ, ನೀರು ಕಡಿಮೆಯಾದ್ರೆ ಹಾಲೇ ಕಡಿಮೆಯಾಗುತ್ತೆ ಅಂತ ಡಾಕ್ಟ್ರೇ ಬಂದು ಹೇಳಬೇಕಾಯ್ತು. ಆದ್ರೆ ಅವ್ವನ ಮಾತಿನ ಹಿಂದೆ ಇನ್ನೊಂದು ಇತ್ತು, ಅದನ್ನ ಅವರು ಬಾಯಿಬಿಟ್ಟು ಹೇಳಲ್ಲ. ಎರಡು ಹಸುವಿಗೆ ದಿನಕ್ಕೆ 150 ಲೀಟರ್ ಅಂದ್ರೆ 15 ಲೀಟರ್‌ನ ಹತ್ತು ಬಕೆಟ್. ಹೊರೋದು ಯಾರು? ಪಶುಪಾಲನೆ ಸಲಹೆಗಳನ್ನ ಓದುವಾಗ ನನಗೆ ಸಿಟ್ಟು ಬರೋದು ಇಲ್ಲೇ. 'ಸಾಕಷ್ಟು ನೀರು ಒದಗಿಸಿ' ಅಂತ ಒಂದೇ ಸಾಲಲ್ಲಿ ಬರೆದಿರ್ತಾರೆ. ಆ ಸಾಲಿನ ಭಾರ ಬೀಳೋದು ಐವತ್ತೈದು ವರ್ಷದ ಒಂದು ಸೊಂಟದ ಮೇಲೆ. ಮನೆ ಮೇಲಿನ ಟ್ಯಾಂಕಿನಿಂದ ಪೈಪ್ ಎಳೆದು, ಗೊಂತಿನ ಪಕ್ಕ ಒಂದು ತೊಟ್ಟಿ ಇಟ್ಟು, ಟ್ಯಾಂಕಿಗೆ ಹಾಕೋ ಫ್ಲೋಟ್ ವಾಲ್ವ್ ಒಂದನ್ನ ಅದಕ್ಕೆ ಸಿಕ್ಕಿಸಿದ್ವಿ. ಹಸು ಕುಡಿದಷ್ಟೂ ತುಂಬುತ್ತೆ. ಹಗ್ಗ ಎರಡು ಮೊಳ ಉದ್ದ ಬಿಟ್ಟಿದ್ದಕ್ಕೆ ತೊಟ್ಟಿಗೆ ಬಾಯಿ ತಾಕುತ್ತೆ. ಮೊದಲ ರಾತ್ರಿ ಗೌರಿ ತೊಟ್ಟೀಲಿ ಬಾಯಿಟ್ಟು ಕುಡಿಯೋ ಸದ್ದು ಜಗಲಿವರೆಗೆ ಕೇಳಿಸ್ತಿತ್ತು. ಪೈಪು ಬಿಸಿಲಿಗೆ ಬಿದ್ರೆ ನೀರು ಕಾಯುತ್ತೆ, ಅದಕ್ಕೆ ಮಣ್ಣಲ್ಲಿ ಹೂತಿದ್ದೀವಿ.

ಮಿಕ್ಕಿದ್ದೆಲ್ಲ ಹೊತ್ತು ಬದಲಾಯಿಸೋದು. ಮೇವು ತಿಂದ ಮೂರು-ನಾಲ್ಕು ಗಂಟೆಗೆ ಹೊಟ್ಟೆಯ ಶಾಖ ಏರುತ್ತೆ. ಹತ್ತು ಗಂಟೆಗೆ ಒಣಹುಲ್ಲು ಹಾಕಿದ್ರೆ ಆ ಶಾಖ ಸರಿಯಾಗಿ ಮಧ್ಯಾಹ್ನದ ಬಿಸಿಲಿನ ಜೊತೆ ಕೂಡಿಕೊಳ್ಳುತ್ತೆ. ಈಗ ಬೆಳಗ್ಗೆ ಐದಕ್ಕೆ ಒಂದು, ಸಂಜೆ ತಂಪಾದ ಮೇಲೆ ದೊಡ್ಡದು. ಮಧ್ಯಾಹ್ನ ಸ್ವಲ್ಪ ಸೀಮೆಹುಲ್ಲು ಮಾತ್ರ.

ಮೈಗೆ ನೀರು ಹಾಕೋ ವಿಷಯದಲ್ಲಿ ಒಂದು ಎಚ್ಚರ. ಇಸ್ರೇಲ್‌ನ ಡೈರಿಗಳಲ್ಲಿ ಹಸುಗಳಿಗೆ ದಿನಕ್ಕೆ ಹಲವು ಸಲ ಷವರ್, ಹಿಂದೆಯೇ ದೊಡ್ಡ ಫ್ಯಾನು. ನೀರು, ಗಾಳಿ ಎರಡೂ ಸೇರಿದ್ರೇನೇ ಮೈ ತಂಪಾಗೋದು, ನೀರು ಆರಬೇಕಲ್ಲ. ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಚೆಲ್ಲಿದ್ರೆ ಆವಿ ತುಂಬಿ ಹಬೆಯಲ್ಲಿ ಬೇಯಿಸಿದ ಹಾಗಾಗುತ್ತೆ. ಕೆಚ್ಚಲಿಗೆ ನೀರು ಇಳಿದು, ಕೆಸರಲ್ಲಿ ಮಲಗಿದ್ರೆ ಕೆಚ್ಚಲು ಬಾವು. ನಾವು ಹೊಂಗೆ ನೆರಳಲ್ಲಿ ಕಟ್ಟಿ ಬೆನ್ನಿಗೆ ಮಾತ್ರ ಹಾಕ್ತೀವಿ.

ಆಫೀಸಿನ ಗೆಳೆಯನೊಬ್ಬ ಹಸುವಿನ ಕೊರಳಿಗೆ ಸೆನ್ಸರ್ ಕಾಲರ್ ಹಾಕು, ಬೆದೆ, ಏದುಸಿರು ಎಲ್ಲಾ ಆ್ಯಪ್‌ನಲ್ಲಿ ಬರುತ್ತೆ ಅಂದ. ಐವತ್ತು ಹಸು ಇದ್ದವರಿಗೆ ಸರಿ. ಎರಡು ಹಸುವಿಗೆ ಅವ್ವನ ಕಣ್ಣು ಸಾಕು, ಆ ಕಣ್ಣಿಗೆ ಏನು ನೋಡಬೇಕು ಅಂತ ಗೊತ್ತಿದ್ರೆ. ಪಕ್ಕೆ ಒಂದು ಸಲ ಒಳಗೆ ಹೋಗಿ ಹೊರಗೆ ಬಂದ್ರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದು. ನಿಮಿಷಕ್ಕೆ 60 ದಾಟಿದ್ರೆ ಸೆಕೆ ತಾಗಿದೆ, 80 ದಾಟಿದ್ರೆ ತಕ್ಷಣ ಏನಾದ್ರೂ ಮಾಡಬೇಕು. ಈಗ ಮಧ್ಯಾಹ್ನ ಮೂರಕ್ಕೆ ಅವ್ವನಿಂದ ವಾಟ್ಸ್‌ಆ್ಯಪ್‌ನಲ್ಲಿ ಬರೀ ಒಂದು ಸಂಖ್ಯೆ ಬರುತ್ತೆ. ಮೀಟಿಂಗ್ ಮಧ್ಯೆ ಫೋನಲ್ಲಿ '54' ಅಂತ ಕಂಡ್ರೆ ನನಗೆ ನೆಮ್ಮದಿ.

ಜ್ವರವನ್ನೂ ಸೆಕೆಯನ್ನೂ ಗೊಂದಲ ಮಾಡ್ಕೋಬಾರದು. ಹಸುವಿನ ಸಹಜ ಮೈಬಿಸಿ 101-102 ಡಿಗ್ರಿ ಫ್ಯಾರನ್‌ಹೀಟ್. ಸಂಜೆ ತಂಪಾದ ಮೇಲೂ, ನೀರು ಕುಡಿದ ಮೇಲೂ ಬಿಸಿ ಇಳಿಯಲಿಲ್ಲ, ಕೊರಳ ಹತ್ತಿರ ಗಡ್ಡೆ ಕೈಗೆ ಸಿಗ್ತಿದೆ, ಅಥವಾ ಮೂತ್ರ ಕೆಂಪಗಿದೆ ಅಂದ್ರೆ ಅದು ಉಣ್ಣೆಯಿಂದ ಬರೋ ಜ್ವರ ಇರಬಹುದು. ಸೀಮೆಹಸುವಿಗೆ ಅದು ಜೀವಕ್ಕೇ ಅಪಾಯ. ಕಾಯದೇ ಡಾಕ್ಟ್ರನ್ನ ಕರೀಬೇಕು, 1962ಕ್ಕೆ ಫೋನ್ ಮಾಡಿದ್ರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತೆ. ಉಣ್ಣೆ ಮೊಟ್ಟೆ ಇಡೋದು ಹಸುವಿನ ಮೈಮೇಲಲ್ಲ, ಗೋಡೆಯ ಬಿರುಕಲ್ಲಿ. ಮೈಗೆ ಔಷಧಿ ಹೊಡೆದು ಗೋಡೆ ಬಿಟ್ರೆ ಅರ್ಧ ಕೆಲಸ.

ಇನ್ನೊಂದು ವಿಷಯ ಊರಲ್ಲಿ ಹಿರಿಯರಿಗೆ ಗೊತ್ತು, ನನಗೆ ಈಗ ಗೊತ್ತಾಯ್ತು. 2013ರಲ್ಲಿ ಕಾಲುಬಾಯಿ ಜ್ವರ ಬಂದು ರಾಜ್ಯದಲ್ಲಿ ಸಾವಿರಾರು ದನ ಸತ್ತವು. ಆಗ ಬದುಕುಳಿದ ಹಸುಗಳಲ್ಲಿ ಕೆಲವು ಆಮೇಲೆ ಪ್ರತಿ ಬೇಸಿಗೇಲೂ ನೆರಳಲ್ಲಿದ್ರೂ ಏದೋವು, ಮೈಮೇಲೆ ಕೂದಲು ಉದ್ದಕ್ಕೆ ಬೆಳೆಯೋದು. ಅದು ಆ ರೋಗ ಬಿಟ್ಟು ಹೋಗೋ ಗುರುತು, ಮೈಯ ತಾಪ ಹದ ಮಾಡೋ ವ್ಯವಸ್ಥೆಯೇ ಕೆಟ್ಟಿರುತ್ತೆ. ಅಂದ್ರೆ ಲಸಿಕೆ ತಪ್ಪಿಸಿದ್ರೆ ಬೇಸಿಗೆಯೂ ಉದ್ದವಾಗುತ್ತೆ. ಈಗ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕ್ತಾರೆ, ಹಾಕಿಸಿ. ತಾತನ ಕಾಲದ ದೊಡ್ಡರೋಗ ಲಸಿಕೆಯಿಂದಲೇ 2011ರ ಹೊತ್ತಿಗೆ ಇಡೀ ಪ್ರಪಂಚದಿಂದ ಹೋಯ್ತು. ಸೆಕೆಗೆ ಮಾತ್ರ ಲಸಿಕೆ ಇಲ್ಲ.

ಹಾಗಾದ್ರೆ ಸೀಮೆಹಸು ಬಿಟ್ಟು ನಾಟಿ ಹಸು ಕಟ್ಟಿ ಅಂತ ಸಲಹೆ ಕೊಡೋರು ಬೆಂಗಳೂರಲ್ಲಿ ಬಹಳ. ಗೌರವದಿಂದಲೇ ಕೇಳ್ತೀನಿ, ಎರಡು ಲೀಟರ್ ಹಾಲಲ್ಲಿ ಸಂಘದ ಕಂತು ಕಟ್ಟೋದು ಹೇಗೆ? ನಡುವಿನ ದಾರಿ ಹುಡುಕಿದವರು ಬ್ರೆಜಿಲ್‌ನವರು. ನಮ್ಮ ಗುಜರಾತಿನ ಗಿರ್ ತಳಿಯನ್ನ ಒಯ್ದು, ಹೋಲ್‌ಸ್ಟೀನ್ ಜೊತೆ ಬೆರೆಸಿ ಗಿರೊಲಾಂಡೊ ಅಂತ ಬಿಸಿಲು ತಡೆಯೋ ಹಾಲಿನ ತಳಿಯನ್ನೇ ಮಾಡ್ಕೊಂಡ್ರು. ನಮ್ಮಲ್ಲೂ ಬಿಸಿಲು ತಡೆಯೋ ಪ್ರಾಣಿಗಳ ಅಧ್ಯಯನ ನಡೀತಿದೆ, ಅದೂ ನಾವು ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋ ಆಡುಗೋಡಿಯಲ್ಲಿ. ಅಲ್ಲಿರೋ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಉಸ್ಮಾನಾಬಾದಿ, ಮಲಬಾರಿ, ಸೇಲಂ ಬ್ಲ್ಯಾಕ್ ಮೇಕೆಗಳನ್ನ ಬಿಸಿಲಿಗೆ ಒಡ್ಡಿ ಹೋಲಿಸಿ ನೋಡಿದಾಗ ಸೇಲಂ ಬ್ಲ್ಯಾಕ್ ಚೆನ್ನಾಗಿ ತಡ್ಕೊಂಡಿತು. ಅದೇ ರಸ್ತೇಲಿ ನಾನು ನಾಲ್ಕು ವರ್ಷ ಓಡಾಡಿದ್ದೀನಿ, ಕಾಂಪೌಂಡ್ ಒಳಗೆ ಏನಿದೆ ಅಂತ ಈಗ ಗೊತ್ತಾಗಿದೆ.

ನಮ್ಮ ಪಕ್ಕದ ಮನೆ ಮಾವ ಬೇರೆ ದಾರಿ ಹಿಡಿದ್ರು. ಎರಡು ಸೀಮೆಹಸು ಮಾರಿ ಬನ್ನೂರು ಕುರಿ ತಂದ್ರು. ಬನ್ನೂರು ನಮ್ಮ ತಾಲ್ಲೂಕಿನದೇ, ಮಳವಳ್ಳಿ ಕಡೆ ಬಂಡೂರು ಕುರಿ ಅಂತಾರೆ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದ್ರೆ ಯು ಅಕ್ಷರ ತಲೆಕೆಳಗಾದ ಹಾಗೆ. ಮಾಂಸಕ್ಕೆ ಹೆಸರುವಾಸಿ. ಬಿಸಿಲಿಗೆ ಸೀಮೆಹಸುವಿನಷ್ಟು ಕುಗ್ಗಲ್ಲ, ಮಧ್ಯಾಹ್ನ ಮರದಡಿ ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ಇಟ್ಕೊಂಡು ನಿಲ್ಲುತ್ತೆ. ಆದ್ರೆ ಅಸಲಿ ತಳಿ ಸಿಗೋದೇ ಕಷ್ಟ, ಬನ್ನೂರು ಅಂತ ಹೇಳಿ ಬೆರಕೆ ಮಾರೋರೇ ಜಾಸ್ತಿ. ಮಳೆ ಶುರುವಾದ ಮೇಲೆ ನುಸಿಯಿಂದ ನೀಲಿನಾಲಿಗೆ ರೋಗದ ಕಾಟ ಬೇರೆ. ಮುಖ್ಯವಾಗಿ ಕುರಿಯ ದುಡ್ಡು ಬರೋದು ಮಾರಿದಾಗ, ಬಟವಾಡೆ ದಿನ ಅಲ್ಲ. ಮಾವನ ಮಕ್ಕಳು ದೊಡ್ಡವರು, ದುಡೀತಾರೆ, ಅವರಿಗೆ ಅದು ಸರಿ.

ನಮ್ಮ ಮನೇಲಿ ಸದ್ಯಕ್ಕೆ ಸೀಮೆಹಸುವೇ. ಜಾಲರಿ ಹಾಕಿಸಿದ ನಂತರ ಅವ್ವ ಮಲಗೋ ಮುಂಚೆ ಜಗಲಿಯಿಂದಲೇ ಟಾರ್ಚ್ ಬಿಟ್ಟು ನೋಡ್ತಾರೆ, ಹೊರಗೆ ಇಳಿಯೋ ಅಗತ್ಯ ಇಲ್ಲ. ಹಾಗೆ ನೋಡಿದ ಒಂದು ರಾತ್ರಿ ಹನ್ನೊಂದಕ್ಕೆ ಗೌರಿ ಕೆಂಪಿಯ ಬೆನ್ನ ಮೇಲೆ ಗದ್ದ ಊರಿ ನಿಂತಿದ್ದು ಕಂಡಿತಂತೆ. ಬೆಳಗ್ಗೆ ಫೋನ್ ಮಾಡಿ ಕರೆಸಿ ಮೂರನೇ ಇಂಜೆಕ್ಷನ್ ಆಯ್ತು. ಆಮೇಲಿನ ಒಂದು ವಾರ ಅಪ್ಪನೇ ಮಧ್ಯಾಹ್ನ ಹೊಂಗೆ ಮರದಡಿ ಕಟ್ಟಿ ದಿನಕ್ಕೆ ಮೂರು ಸಲ ಬೆನ್ನಿಗೆ ನೀರು ಹಾಕಿದ್ರು. 21ನೇ ದಿನ ದಾಟಿ ಈಗ ಒಂಬತ್ತು ದಿನ, ಮತ್ತೆ ಬೆದೆ ಕಂಡಿಲ್ಲ. ಡಾಕ್ಟ್ರು ಕೈ ಹಾಕಿ ನೋಡೋದು ಇನ್ನೆರಡು ತಿಂಗಳಿಗೆ. ಅಲ್ಲಿವರೆಗೆ ಸಂತೆ ಮಾತು ಎತ್ತಬೇಡಿ ಅಂತ ಅವ್ವ ಹೇಳಿದ್ದಾರೆ, ಅಪ್ಪ ಎತ್ತಿಲ್ಲ.